ತೊಗರಿಕಟ್ಟಿಗೆಯ ಕೆಳಗಿನ ಗೋಣಿಚೀಲ

ನಾಲ್ಕನೆಯ ರೊಟ್ಟಿ ತಟ್ಟುವಾಗ ಒಲೆಯ ಉರಿ ಇಳಿಯಿತು. ಅಮರೇಶ್ವರಿ ಮಗಳನ್ನು ಕಟ್ಟಿಗೆಗೆಂದು ಹಿತ್ತಲಿಗೆ ಕಳಿಸಿದಳು. ರೊಟ್ಟಿ ಹಂಚಿಗೆ ಬಿದ್ದು, ಮಗ್ಗಲು ತಿರುಗಿದರೂ ಹುಡುಗಿ ಬರಲಿಲ್ಲ.

"ಮೌನೇಶ್ವರೀ, ಕಟ್ಟಿಗಿ ತರಾಕ ಹೋಗೀಯೋ, ಬೆಳ್ಯಾಕ ಹೋಗೀಯೋ?"

"ಅವ್ವಾ, ಲಗೂನ ಬಾ. ನಾ ಮುಟ್ಟಿಲ್ಲ."

ಆ ದನಿ ಕೇಳಿ ಅಮರೇಶ್ವರಿ ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು.

ಒಂಬತ್ತು ವರ್ಷದ ಮೌನೇಶ್ವರಿ ಕಟ್ಟಿಗೆಯ ಒಟ್ಟಿಲಿನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದಳು. ಎರಡು ವರ್ಷದ ತಮ್ಮ ಚನ್ನುವನ್ನು ಹಿಂದಿನಿಂದ ಬಿಗಿಯಾಗಿ ತಬ್ಬಿ ಹಿಡಿದಿದ್ದಳು. ಅವನು ಕಾಲು ಜಾಡಿಸುತ್ತ, ತೊಗರಿಕಟ್ಟಿಗೆಯ ಕೆಳಗಿಂದ ತಾನೇ ಎಳೆದು ಬಿಚ್ಚಿದ್ದ ಗೋಣಿಚೀಲದತ್ತ ಕೈಚಾಚುತ್ತಿದ್ದ. ಚೀಲದೊಳಗಿಂದ ಬಂದೂಕಿನ ನಳಿಗೆ ಹೊರಬಂದಿತ್ತು. ಅದರ ಬಾಯಿ ಮಕ್ಕಳ ಕಡೆಗೇ ಇತ್ತು.

"ನಿಲ್ಲಬೇಕು, ಮುಟ್ಟಬಾರದು, ಹಿಂದ ಸರೀಬೇಕು, ದೊಡ್ಡೋರಿಗೆ ಹೇಳಬೇಕು," ಹುಡುಗಿ ಸಾಲೆಯಲ್ಲಿ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದಳು.

ಅಮರೇಶ್ವರಿ ಇಬ್ಬರನ್ನೂ ಬಾಚಿಕೊಂಡು ಗೋಡೆಯ ಮರೆಗೆ ಸರಿದಳು. ಬಂದೂಕಿನ ಹಿಡಿಗೆ ಸುತ್ತಿದ ಹಿತ್ತಾಳೆಪಟ್ಟಿ ಅವಳಿಗೆ ಗುರುತಿತ್ತು. ತೀರಿಹೋದ ಅಪ್ಪನದು ಅದು; ಈಗ ಅಣ್ಣ ವೆಂಕೋಬನ ಹೆಸರಿನಲ್ಲಿತ್ತು. ಮಗಳಿಗೆ ಆ ನಾಲ್ಕು ಮಾತು ಕಲಿಸಿದವನೂ ಅವನೇ.

ಪಾಮನಕಲ್ಲೂರಿನ ಸುತ್ತ ಶೇಂಗಾ ಹೊಲಕ್ಕೆ ಕಾಡುಹಂದಿ ನುಗ್ಗುತ್ತವೆಂದು ಬಂದೂಕಿನ ಪರವಾನಗಿ ಪಡೆದ ರೈತರು ಕಟ್ಟಿಕೊಂಡ ಸಂಘಕ್ಕೆ ವೆಂಕೋಬನೇ ಮುಖ್ಯಸ್ಥ. ಸಂಘದವರು ಸಾಲೆಗಳಲ್ಲಿ ಮಕ್ಕಳಿಗೆ ಬಂದೂಕಿನ ಎಚ್ಚರಿಕೆ ಕಲಿಸುತ್ತಿದ್ದರು. ಜೊತೆಗೆ, ಚುನಾವಣೆ ಬಂದಾಗ ರೈತರು ಬಂದೂಕನ್ನು ಠಾಣೆಗೆ ಒಪ್ಪಿಸುವ ನಿಯಮ ತೆಗೆಯಬೇಕೆಂದೂ ಓಡಾಡುತ್ತಿದ್ದರು. ಇವೆರಡಕ್ಕೂ ಬೆಂಬಲ ಕೋರಿದ ಒಂದೇ ಪತ್ರ ವಾರದಿಂದ ಅಮರೇಶ್ವರಿಯ ಮನೆಯ ಗೋಡೆಗೂಡಿನಲ್ಲಿತ್ತು. ಸಾಲೆಯ ಸಮಿತಿಗೆ ಅವಳೇ ಅಧ್ಯಕ್ಷೆ. ಅವಳು ಸಹಿ ಹಾಕಿದರೆ ವರ್ಷವಿಡೀ ಪಾಠ, ಇಲ್ಲದಿದ್ದರೆ ಇಲ್ಲ. ಇವತ್ತು ಸಂಘದವರು ಅದನ್ನು ಸಿಂಧನೂರಿನ ಕಚೇರಿಗೆ ಒಯ್ಯುವವರಿದ್ದರು.

ಮಗಳು ಎರಡು ಓಣಿ ಆಚೆಗಿನ ಮಾಮನನ್ನು ಕರೆತಂದಳು. ವೆಂಕೋಬ ನಗುತ್ತಲೇ ಬಂದ.

"ಇದಕ್ಯಾಕ ಇಷ್ಟು ಗಾಬರಿ ಆಗೀಬೇ? ಹ್ವಾದ ಚುನಾವಣ್ಯಾಗ ಠಾಣೆಗೆ ಒಪ್ಪಿಸಿದ್ದು ತುಕ್ಕು ಹಿಡದು ಬಂತು. ಅದಕ್ಕ ಈ ಸಲ ನಿಮ್ಮನ್ಯಾಗ ಇಟ್ಟೆ. ಚುನಾವಣಿ ಮುಗದ ಕೂಡ್ಲೆ ಒಯ್ತೀನಿ."

"ನನಗೊಂದು ಮಾತು ಹೇಳದಽ?"

"ಹೇಳಿದ್ರ ನೀ ಬಿಡ್ತಿದ್ದೇನು? ಖಾಲಿ ಐತಿ ತಗೊ."

"ಖಾಲಿ ಐತಿ ಅಂತ ನಂಬಬಾರದು, ತೆರೆದು ನೋಡಬೇಕು ಅಂತ ಸಾಲ್ಯಾಗ ಯಾರು ಹೇಳಿದ್ರಣ್ಣಾ? ತೆರಿ."

ಅವನು ನಳಿಗೆಯನ್ನು ನೆಲಕ್ಕೆ ತಿರುಗಿಸಿ, ನಗುತ್ತಲೇ ಬಂದೂಕನ್ನು ಮಡಚಿ ತೆರೆದ. ಕೆಂಪು ತೋಟಾವೊಂದು ಜಾರಿ ಅವನ ಕಾಲಬಳಿ ಬಿತ್ತು.

ಒಳಗೆ ರೊಟ್ಟಿ ಸೀದ ವಾಸನೆ ಹಿತ್ತಲಿನವರೆಗೆ ಬಂತು. ಕೆಂಪಗೆ ಹೊಳೆಯುವುದನ್ನು ಕಂಡು ಚನ್ನು "ತಾ, ತಾ" ಎಂದು ಅವ್ವನ ಕಂಕುಳಲ್ಲಿ ಕೊಸರಾಡಿದ.

ವೆಂಕೋಬ ಅಲ್ಲೇ ಕುಸಿದು ಕುಳಿತ. "ಅವತ್ತು ಹಂದಿ ಬಂದಿದ್ವು... ತುಂಬಿದ್ದೆ... ತೆಗದೀನಿ ಅನಕೊಂಡಿದ್ದೆ," ಎಂದಷ್ಟೇ ಅಂದ.

ಅಮರೇಶ್ವರಿ ತೋಟಾವನ್ನೂ ಅಣ್ಣನನ್ನೂ ನೋಡಿದಳು. ಈ ಅಣ್ಣ ಇಲ್ಲದಿದ್ದರೆ ಬಂದೂಕು ತನ್ನ ಹಿತ್ತಲಿಗೆ ಬರುತ್ತಿರಲಿಲ್ಲ. ಈ ಅಣ್ಣನ ಪಾಠ ಇಲ್ಲದಿದ್ದರೆ, ಮಗಳ ಕೈ ತಮ್ಮನನ್ನು ತಬ್ಬುವ ಬದಲು ಆ ಹಿಡಿಯನ್ನೇ ಹಿಡಿಯುತ್ತಿತ್ತೇನೋ. ಎಷ್ಟು ಸಲ ಯೋಚಿಸಿದರೂ ಒಂದನ್ನು ಬಿಟ್ಟು ಇನ್ನೊಂದು ಬರುತ್ತಿರಲಿಲ್ಲ.

ಒಳಗೆ ಹೋಗಿ ಹಂಚು ಇಳಿಸಿ, ಪತ್ರ ತಂದಳು. ಕಾಗದದ ಮೇಲೆ ಹಿಟ್ಟಿನ ಬೆರಳು ಮೂಡಿದವು.

"ಪಾಠಕ್ಕ ಸಹಿ ಹಾಕ್ತೀನಿ. ಒಪ್ಪಿಸೂದು ಬ್ಯಾಡ ಅನ್ನೂ ಸಾಲು ಹೊಡದು ಹಾಕ್ತೀನಿ. ನೀ ಮದ್ಲು ಇದನ್ನ ಒಯ್ದು ಠಾಣ್ಯಾಗ ಕೊಟ್ಟು ಬಾ. ಬೈಸ್ಕೊಂಡ್ರ ಬೈಸ್ಕೊ, ಕೇಸ್ ಹಾಕಿದ್ರ ಹಾಕಿಸ್ಕೊ. ಈ ವರ್ಷ ಪಾಠ ಬ್ಯಾರೆಯವ್ರು ಹೇಳಲಿ."

"ಸಂಘದ ಮಂದಿಗೆ ಏನಂತ ಹೇಳ್ಲಿಬೇ?"

"ನೀ ಏನು ಮಾಡಿದಿ, ನಿನ್ನ ಸೊಸಿ ಮೌನೇಶ್ವರಿ ಏನು ಮಾಡಿದ್ಲು, ಎರಡೂ ಹೇಳು."

ವೆಂಕೋಬ ತಲೆ ಎತ್ತದೆ ಹೂಂಗುಟ್ಟಿದ. ಅಮರೇಶ್ವರಿ ಆ ಸಾಲು ಹೊಡೆದು ಹಾಕಿದಳು. ಕೆಳಗೆ ಸಹಿ ಹಾಕಿದಳು. ಮೌನೇಶ್ವರಿ ಮಾಮನೆದುರು ಬಂದು, ಸಾಲೆಯಲ್ಲಿ ಎತ್ತುವಂತೆ ಕೈ ಎತ್ತಿ ಕೇಳಿದಳು:

"ಮಾಮಾ, ದೊಡ್ಡೋರಿಗೆ ಹೇಳ್ರಿ ಅಂದಿದ್ದಿ. ದೊಡ್ಡೋರಽ ತಂದು ಇಟ್ಟಿದ್ರ ಯಾರಿಗೆ ಹೇಳೂದು?"