ಒಂದೂವರೆ ಇಂಚು

ಮೊದಲ ಕೋಟನ್ನು ಕಟಿಂಗ್ ಮಾಸ್ಟರೇ ತೊಟ್ಟು ನೋಡಿದರು. ಬಿಳಿ ತೋಳು ಮಣಿಕಟ್ಟು ದಾಟಿ ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ಟೈಲರಮ್ಮ ಎರಡನೆಯದನ್ನು ತೊಡಿಸಿದಳು, ಮೂರನೆಯದನ್ನೂ ತೊಡಿಸಿದಳು. ಎಲ್ಲದರದ್ದೂ ಅದೇ ಹಣೆಬರಹ.

ಆಸ್ಪತ್ರೆಯ ಪ್ರಯೋಗಾಲಯಕ್ಕೆ ನಲವತ್ತು ಕೋಟು, ನಾಳೆ ಬೆಳಿಗ್ಗೆ ಹತ್ತಕ್ಕೆ ಕೊಡಬೇಕು. ತೋಳು ಹೋಗಿ ಸೀಸೆಯೊಳಗೆ ಅದ್ದುವ ಕೋಟನ್ನು ಯಾರು ತೆಗೆದುಕೊಂಡಾರು? ಇದು ಕೈತಪ್ಪಿದರೆ ವರ್ಷವಿಡೀ ಅಂಗಡಿಯನ್ನು ನಡೆಸುವ ಆಸ್ಪತ್ರೆಯ ಕೆಲಸವೂ ತಪ್ಪಿದಂತೆಯೇ.

"ಯಾವಾಗ್ಲೂ ಹಾಕೋ ಹಾಗೆ ಒಂದೂವರೆ ಇಂಚು ಸೇರಿಸೇ ಕತ್ತರಿಸಿದ್ದು, ಅಮ್ಮಾ" ಎಂದರು ಮಾಸ್ಟರ್.

ಆ ಒಂದೂವರೆ ಇಂಚಿನ ಪುರಾಣ ಎರಡು ವರ್ಷದ್ದು. ಅಂಗಡಿಯಲ್ಲಿ ಬಳಸುತ್ತಿದ್ದದ್ದು, ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವ ಒಂದು ಪುಕ್ಕಟೆ ತಂತ್ರಾಂಶ. ಎಲ್ಲೆಲ್ಲೋ ಇರುವವರು ಬಿಡುವಾದಾಗ ಕೂತು ಕಟ್ಟಿದ್ದು. ಮಿಕ್ಕೆಲ್ಲ ಸೊಗಸು, ತೋಳು ಮಾತ್ರ ಒಂದೂವರೆ ಇಂಚು ಗಿಡ್ಡ. ಅವಳು ದೂರು ಹಾಕಿದಳು. ನೋಡುತ್ತೇವೆ ಎಂದು ಉತ್ತರ ಬಂತು. ನೋಡುತ್ತಲೇ ಇದ್ದರು. ತಿಂಗಳಿಗೊಮ್ಮೆ ನೆನಪಿಸಿದಳು, ಬೇಡಿದಳು, ಕಡೆಗೆ ನಿಮ್ಮಲ್ಲಿ ಯಾರೂ ಅಂಗಿ ತೊಡುವುದೇ ಇಲ್ಲವೇ ಎಂದೂ ಬರೆದಳು. ಹೊಸ ಆವೃತ್ತಿ ಬಂದಾಗಲೆಲ್ಲ ಸರಿಪಡಿಸಿದವುಗಳ ಪಟ್ಟಿಯಲ್ಲಿ ತೋಳನ್ನು ಹುಡುಕಿ ಹುಡುಕಿ ಸಾಕಾಗಿ ಓದುವುದನ್ನೇ ಬಿಟ್ಟಳು. ಮಾಸ್ಟರ್ ಪೆನ್ಸಿಲಿನಲ್ಲಿ ಉದ್ದ ಸೇರಿಸಿಕೊಳ್ಳುತ್ತಿದ್ದರು. ಈ ಸೋಮವಾರವೂ ಹೊಸ ಆವೃತ್ತಿ ಬಂದಿತ್ತು. ಅವಳು ಪಟ್ಟಿ ಓದದೆ, ಅದನ್ನು ಹಾಕಿಕೊಳ್ಳುವ ಗುಂಡಿ ಒತ್ತಿದ್ದಳು.

ಈಗ ಓದಿದಳು. ಏಳನೆಯ ಸಾಲಿನಲ್ಲಿ ತೋಳು ಇತ್ತು. ಎರಡು ವರ್ಷ ಬಿಡದೆ ಬೆನ್ನುಹತ್ತಿದ ಟೈಲರಿಗೆ ಧನ್ಯವಾದ, ತಡವಾದದ್ದಕ್ಕೆ ಕ್ಷಮಿಸಿ, ಸರಿಯಾಗಿದೆಯೇ ಒಮ್ಮೆ ಅಳೆದು ತಿಳಿಸಿ ಎಂದಿತ್ತು. ಅಳುವುದೋ ನಗುವುದೋ ಅವಳಿಗೆ ತಿಳಿಯಲಿಲ್ಲ.

ಮಾಸ್ಟರಿಗೆ ಸಿಟ್ಟು ನೆತ್ತಿಗೇರಿತ್ತು. "ಬಿಗಿಯಾಗಿ ನಾಲ್ಕು ಮಾತು ಬರೀರಿ. ಮುಂಚೆ ಹೇಳೋಕೇನಾಗಿತ್ತಂತೆ?"

"ಹೇಳಿದ್ದಾರೆ ಮಾಸ್ಟ್ರೇ. ನಾನೇ ನೋಡ್ಲಿಲ್ಲ."

ಪೆನ್ಸಿಲ್ ಸೋಕದ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿ, ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದಳು. ಎರಡು ಸಲ ಅಳೆದಳು. ಒಂದು ನೂಲಿನಷ್ಟೂ ಆಚೀಚೆ ಇರಲಿಲ್ಲ. ತೋಳು ಸರಿಯಾಗಿದೆ ಎಂದು ಬರೆದು ಕಳಿಸಿದಳು.

ಅಷ್ಟರಲ್ಲಿ ಮಾಸ್ಟರ್ ಕೋಟಿನ ರಾಶಿಯನ್ನು ಎರಡು ಪಾಲು ಮಾಡಿ, ಸಣ್ಣ ಪಾಲನ್ನು ಅವಳ ಮುಂದೆ ಇಟ್ಟಿದ್ದರು. ಅವಳು ಕನ್ನಡಕ ಒರೆಸಿಕೊಂಡು ಮೊದಲ ತೋಳಿನ ಹೊಲಿಗೆ ಬಿಚ್ಚತೊಡಗಿದಳು.