ಅಡುಗೆಮನೆಯ ಕಿಟಕಿಗೆ ಬಂದ ವೈಫೈ

ಆ ಸಾಲುಮನೆಗಳಲ್ಲಿ ಫೋನಿಗೆ ನೆಟ್ ಹಿಡಿಯುವುದೇ ಒಂದು ಪಾಡು. ಮುಂಬಾಗಿಲಲ್ಲಿ ಒಂದು ಕಡ್ಡಿ, ನಡುಮನೆಯಲ್ಲಿ ಅದೂ ಇಲ್ಲ. ಮಾತಾಡುತ್ತಿದ್ದವರು ಅರ್ಧ ಮಾತು ಬಾಯಲ್ಲಿಟ್ಟುಕೊಂಡೇ ಬೀದಿಗೆ ಓಡಬೇಕು. ಆದರೆ ಕೊನೆಯ ಸಾಲಿನ ಮನೆಗಳ ಅಡುಗೆಮನೆ ಕಿಟಕಿಯಲ್ಲಿ ಮಾತ್ರ ನೆಟ್ ನೀರಿನಂತೆ ಹರಿಯುತ್ತಿತ್ತು. ಕಿಟಕಿಯಿಂದ ಕೈ ಚಾಚಿದರೆ ಸೀಸೆ ಕಾರ್ಖಾನೆಯ ಗೋಡೆ, ಗೋಡೆಯಾಚೆ ಕಾರ್ಖಾನೆಯ ಕ್ಯಾಂಟೀನು. ಅಲ್ಲಿ ಮಾತ್ರ ಹೀಗೇಕೆ ಎಂದು ಯಾರೂ ಕೇಳಿರಲಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಯಾಕೆ ಸಿಕ್ಕಿತು ಎಂದು ಕೇಳುವ ಅಭ್ಯಾಸ ಮನುಷ್ಯರಿಗೆ ಕಡಿಮೆ.

ಆ ಸಾಲಿನ ಒಂದು ಮನೆಯ ಸೊಸೆಗೆ ಕಾರ್ಖಾನೆಯಲ್ಲಿ ಹದ್ದುಗಣ್ಣಿ ಎಂದೇ ಹೆಸರು. ಅವಳ ಕೆಲಸ ಬೆಳಕಿನ ಮೇಜಿನ ಮುಂದೆ. ಬಿಳಿ ಬೆಳಕಿನ ಪರದೆಯೆದುರು ಔಷಧದ ಸೀಸೆಗಳು ಒಂದರ ಹಿಂದೊಂದು ಸರಿದು ಹೋಗುತ್ತವೆ. ಕೂದಲೆಳೆಯಷ್ಟು ಬಿರುಕು, ಸಾಸಿವೆಯಷ್ಟು ಗುಳ್ಳೆ ಕಂಡರೂ ಆ ಸೀಸೆಯನ್ನು ಎತ್ತಿ ಪಕ್ಕಕ್ಕಿಡಬೇಕು. ಬೇರೆಯವರ ಕಣ್ಣಿಗೆ ಸ್ವಲ್ಪ ಹೊತ್ತಿಗೇ ಕತ್ತಲೆ ಕಟ್ಟುತ್ತಿತ್ತು. ಅವಳು ರೆಪ್ಪೆ ಬಡಿಯುವುದನ್ನೂ ಲೆಕ್ಕವಿಟ್ಟು ಬಡಿಯುತ್ತಾಳೆ ಎಂದು ಜೊತೆಯವರು ಚೇಷ್ಟೆ ಮಾಡುತ್ತಿದ್ದರು. ಈ ವರ್ಷ ಅವಳ ಕೆಲಸ ಕಾಯಂ ಆಗುವುದಿತ್ತು.

ಆದರೆ ಕೆಲವು ತಿಂಗಳಿಂದ ಅವಳ ಬಲಗಣ್ಣಿಗೆ ಸೀಸೆಗಳೆಲ್ಲ ಹೊಗೆಯೊಳಗಿಂದ ಬರುವಂತೆ ಕಾಣುತ್ತಿದ್ದವು. ಎಡಗಣ್ಣಿನಿಂದಲೇ ಸಂಭಾಳಿಸುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮೇಜು ಹೋಗುತ್ತದೆ ಎಂಬ ಭಯ ಒಂದು. ಬಾಯಿ ಬಿಟ್ಟು ಹೇಳಿದೊಡನೆ ಅದು ನಿಜವಾಗಿಬಿಡುತ್ತದೆ ಎಂಬ ಭಯ ಇನ್ನೊಂದು. ಗಂಡನೆದುರು ಎಷ್ಟೋ ಸಲ ಮಾತು ತುಟಿಯವರೆಗೆ ಬಂದು ಹಿಂದಕ್ಕೆ ಹೋಗಿತ್ತು. ಕೊನೆಗೆ ಅವಳು ಕೇಳಿದ್ದು ಫೋನನ್ನು. ಪಾಳಿ ಮುಗಿಸಿ ಬಂದ ಮೇಲೆ, ಅತ್ತೆ ಮಧ್ಯಾಹ್ನ ಮಲಗಿದಾಗ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಕಿಟಕಿಯ ಹತ್ತಿರ ನಿಂತು, ಒಂದು ಕಣ್ಣಾಸ್ಪತ್ರೆಯ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಒಂದು ಬೆಳಿಗ್ಗೆ ಸೂಪರ್‌ವೈಸರ್ ಅವಳ ಮೇಜಿನ ಪಕ್ಕ ಬಂದು ನಿಂತರು.

"ಏನಮ್ಮ, ಕಣ್ಣು ಹೇಗಿದೆ ಈಗ?"

ಅವಳು ತಿರುಗಿ ನೋಡಿದಳು.

"ಕಣ್ಣಿನ ಆಸ್ಪತ್ರೆ ವಿಷಯ ತುಂಬಾ ಓದ್ತಿದ್ದೀರಂತೆ. ಪೊರೆ ಗಿರೆ ಬಂದಿದೆಯಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. "ಇದು ಔಷಧದ ಸೀಸೆ ನೋಡಿ. ನಾಳೆ ಹೆಚ್ಚುಕಡಿಮೆ ಆದ್ರೆ ನನ್ನ ತಲೆಗೆ ಬರುತ್ತೆ. ಸೋಮವಾರದಿಂದ ಪ್ಯಾಕಿಂಗ್‌ಗೆ ಹೋಗಿ. ಕಾಯಂ ಮಾತು ಆಮೇಲೆ ನೋಡೋಣ."

ಅವರು ಹೋದರು. ಅವಳು ಗರ ಬಡಿದವಳಂತೆ ಕೂತಳು. ಎದುರಿಗೆ ಸೀಸೆಗಳು ಸರಿಯುತ್ತಲೇ ಇದ್ದವು. ಒಂದರಲ್ಲಿ ಬಿರುಕಿತ್ತು. ಅದು ಅವಳಿಗೆ ಕಂಡಿತು ಕೂಡ. ಆದರೆ ಕೈ ಏಳಲಿಲ್ಲ. ಗಂಡನಿಗೆ ಹೇಳದ್ದು, ಹೆತ್ತ ತಾಯಿಗೆ ಹೇಳದ್ದು, ತನಗೆ ತಾನೇ ಸರಿಯಾಗಿ ಹೇಳಿಕೊಳ್ಳದ್ದು ಈ ಮನುಷ್ಯನ ಬಾಯಿಗೆ ಬಂದದ್ದು ಹೇಗೆ?

ಮನೆಗೆ ಬಂದಾಗ ಎಲ್ಲರೂ ಇದ್ದರು. ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು. ಹಿತ್ತಿಲ ಬಾಗಿಲಲ್ಲಿ ಕೂತು ಕೈಗೆ ಅಂಟಿದ ಬಣ್ಣ ಉಜ್ಜುತ್ತಿದ್ದ. ನಾದಿನಿ ರಜೆಯೆಂದು ಬಂದಿದ್ದಳು. ಅವಳು ದೊಡ್ಡ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವವಳು. ಅತ್ತೆ ಮಂಚದ ಮೇಲೆ ಕಾಲು ನೀಡಿಕೊಂಡಿದ್ದರು. ಹದ್ದುಗಣ್ಣಿ ಚೀಲವನ್ನೂ ಕೆಳಗಿಡದೆ ಕೇಳಿದಳು.

"ಅತ್ತೆ, ನನ್ನ ಕಣ್ಣಿನ ವಿಷಯ ಯಾರ ಹತ್ರಾನಾದ್ರೂ ಮಾತಾಡಿದ್ರಾ?"

"ನಿನ್ನ ಕಣ್ಣಿಗೇನಾಗಿದೆ?" ಎಂದರು ಅತ್ತೆ.

ಆ ಪ್ರಶ್ನೆಗೆ ಅವಳು ತಬ್ಬಿಬ್ಬಾದಳು. ಮನೆಯವರಿಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಯಿತು, ಅದೂ ಅವಳ ಬಾಯಿಂದಲೇ. ಹಿತ್ತಿಲಲ್ಲಿ ಉಜ್ಜುವ ಸದ್ದು ನಿಂತಿತು. ಗಂಡ ಒದ್ದೆ ಕೈಯಲ್ಲೇ ಒಳಗೆ ಬಂದ. ಅವಳು ಬೆಳಿಗ್ಗೆ ನಡೆದದ್ದನ್ನೆಲ್ಲ ಹೇಳಿದಳು.

"ಎಷ್ಟು ದಿನದಿಂದ ಇದು?" ಎಂದ ಗಂಡ.

"ಕೆಲವು ತಿಂಗಳಾಯ್ತು."

"ಗೋಡೆ ಆಚೆಯವನಿಗೆ ಗೊತ್ತು. ಪಕ್ಕದಲ್ಲಿ ಮಲಗೋನಿಗೆ ಗೊತ್ತಿಲ್ಲ."

ಅವಳು ಚೀಲ ಕೆಳಗಿಟ್ಟಳು. "ಅವರಿಗೂ ನಾನು ಹೇಳಿಲ್ಲ ರೀ. ಯಾರಿಗೂ ಹೇಳಿಲ್ಲ. ಫೋನಲ್ಲಿ ಓದಿದೆ, ಅಷ್ಟೇ" ಎಂದಳು.

ನಾದಿನಿ ಆಗ ತಲೆಯೆತ್ತಿದಳು. "ಅತ್ತಿಗೆ, ಎಲ್ಲಿ ಕೂತು ಓದಿದ್ರಿ?"

"ಇಲ್ಲೇ. ಅಡುಗೆಮನೆ ಕಿಟಕಿ ಹತ್ರ. ಬೇರೆ ಎಲ್ಲಿ ನೆಟ್ ಬರುತ್ತೆ?"

"ಫೋನ್ ಕೊಡಿ."

"ತಗೋ, ಶುರುವಾಯ್ತು" ಎಂದ ಗಂಡ. "ಫೋನು ಇವಳದು, ಮನೆ ನಮ್ಮದು, ಬಾಗಿಲು ಹಾಕಿತ್ತು. ಅವನೇನು ಕಿಟಕಿಗೆ ಏಣಿ ಹಾಕಿ ನೋಡಿದ್ನಾ? ಯಾರೋ ಚಾಡಿ ಹೇಳಿರ್ತಾರೆ. ನಿನಗೆ ಕಂಪ್ಯೂಟರ್ ಗೊತ್ತು ಅಂತ ತಲೆನೋವಿಗೂ ಕಂಪ್ಯೂಟರೇ ಕಾರಣ ಅನ್ಬೇಡ."

"ಅಣ್ಣ, ಇವರು ಯಾರಿಗೂ ಹೇಳಿಲ್ಲ ಅಂದಮೇಲೆ ಚಾಡಿ ಹೇಳೋರಿಗೆ ಗೊತ್ತಾಗೋದು ಹೇಗೆ? ಬಾ ಇಲ್ಲಿ. ನೋಡಿ ಆಮೇಲೆ ಬೈ."

ನಾದಿನಿ ಫೋನ್ ಹಿಡಿದು ಬೀದಿಯವರೆಗೆ ಹೋದಳು. ಪರದೆಯ ಮೇಲಿನ ವೈಫೈ ಗುರುತು ಮಾಯವಾಯಿತು. ವಾಪಸು ಕಿಟಕಿಯ ಹತ್ತಿರ ಬಂದಳು. ಯಾರೂ ಏನೂ ಒತ್ತದೆ ಗುರುತು ತಾನಾಗಿ ಬಂದು ಕೂತಿತು. ಅದನ್ನು ತೆರೆದು ಹೆಸರು ತೋರಿಸಿದಳು. ಅದು ಕಾರ್ಖಾನೆಯ ಕ್ಯಾಂಟೀನಿನ ವೈಫೈ. ಅವಳು ಅದನ್ನು ಆಫ್ ಮಾಡಿದಳು. ನೀರಿನಂತೆ ಹರಿಯುತ್ತಿದ್ದ ನೆಟ್ ಒಂದು ಕಡ್ಡಿಗೆ ಇಳಿದು, ಅದೂ ಹೋಯಿತು.

ಗಂಡ ಬಗ್ಗಿ ನೋಡಿದ. ಮತ್ತೆ ಆನ್ ಮಾಡಿಸಿ, ಮತ್ತೆ ಆಫ್ ಮಾಡಿಸಿ ನೋಡಿದ.

"ಹಾಗಾದ್ರೆ ಇಷ್ಟು ದಿನ ನಾವು..."

"ಹೌದು. ಮನೆಯಲ್ಲಿ ಕೂತು ಕಾರ್ಖಾನೆ ಒಳಗಿದ್ರಿ."

ನಾದಿನಿ ಆ ವೈಫೈ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತನ್ನು ಒತ್ತಿದಳು. ಕೆಳಗೆ ಇಳಿದಾಗ 'ಪ್ರಾಕ್ಸಿ' ಎಂಬ ಸಾಲು ಬಂತು. ಅದರ ಮುಂದೆ 'ಮ್ಯಾನ್ಯುಯಲ್' ಎಂದಿತ್ತು, ಅಂದರೆ ಯಾರೋ ಕೈಯಾರೆ ತುಂಬಿದ್ದು. ಅದರಡಿ ಒಂದು ವಿಳಾಸ, ಪೋರ್ಟ್ ಎಂಬಲ್ಲಿ ಒಂದು ಸಂಖ್ಯೆ. "ಇದನ್ನ ಯಾರು ಹಾಕಿದ್ದು ಅತ್ತಿಗೆ?"

ಹದ್ದುಗಣ್ಣಿಗೆ ನೆನಪಾಯಿತು. ಕ್ಯಾಂಟೀನಿನಲ್ಲಿ ಊಟದ ಹೊತ್ತಿಗೆ ವೈಫೈ ಕೊಡುತ್ತೇವೆ ಎಂದು ಆಫೀಸಿನವರೊಬ್ಬರು ಬಂದಿದ್ದರು. ಪಾಳಿಯ ಬದಲಾವಣೆಯೂ ಫೋನಿಗೇ ಬರುತ್ತದೆ ಎಂದಿದ್ದರು. ಎಲ್ಲರೂ ತಟ್ಟೆಯೊಂದರಲ್ಲಿ ಫೋನ್ ಇಟ್ಟು ಊಟಕ್ಕೆ ಕೂತಿದ್ದರು. ಊಟ ಮುಗಿಯುವಷ್ಟರಲ್ಲಿ ಎಲ್ಲ ಸಿದ್ಧ. ಅವಳ ನೌಕರಿ ಸಂಖ್ಯೆಯನ್ನೂ ಹಾಕಿ, ಮತ್ತೆ ಮತ್ತೆ ಕೇಳದಂತೆ ಮಾಡಿಕೊಟ್ಟಿದ್ದರು. ಅವರಿಗೆ ಅವಳು ಎರಡು ಸಲ ಥ್ಯಾಂಕ್ಸ್ ಹೇಳಿದ್ದಳು.

"ಪ್ರಾಕ್ಸಿ ಅಂದ್ರೆ ಏನು ಅಂತ ಕೇಳಲಿಲ್ವಾ?"

"ಎಲ್ಲರೂ ಕೊಟ್ರು, ನಾನೂ ಕೊಟ್ಟೆ."

"ಪ್ರಾಕ್ಸಿ ಅಂದ್ರೆ ನಡುವಿನವನು. ನೀವು ಅಂಗಡಿಗೆ ನೇರವಾಗಿ ಹೋಗದೆ ಪಕ್ಕದ ಮನೆಯವರ ಕೈಲಿ ಹೇಳಿ ಕಳಿಸಿದ ಹಾಗೆ. ಸಾಮಾನು ಬರುತ್ತೆ. ಆದ್ರೆ ನೀವು ಯಾವ ಅಂಗಡಿಗೆ, ಯಾವಾಗ, ಎಷ್ಟು ಸಲ ಕಳಿಸಿದ್ರಿ ಅಂತ ಅವರಿಗೆ ಗೊತ್ತಿರುತ್ತೆ. ವಿಳಾಸದ ಪಕ್ಕ ಬೀಗದ ಗುರುತಿರೋ ಪುಟದ ಒಳಗೆ ನೀವು ಬರೆದದ್ದು ಸಾಮಾನ್ಯವಾಗಿ ಕಾಣಲ್ಲ. ಕಣ್ಣಾಸ್ಪತ್ರೆ ಬಾಗಿಲು ದಿನಾ ತಟ್ಟಿದ್ದು ಮಾತ್ರ ಕಾಣುತ್ತೆ. ನೌಕರಿ ಸಂಖ್ಯೆ ಬೇರೆ ಜೊತೆಗಿದೆ. ಯಾರು ತಟ್ಟಿದ್ದು ಅಂತ ಹುಡುಕೋ ಕಷ್ಟವೂ ಇಲ್ಲ. ಆಫೀಸಿನವರು ಆ ಪಟ್ಟಿ ನೋಡಿ ಸೂಪರ್‌ವೈಸರ್‌ಗೆ ಹೇಳಿರ್ತಾರೆ."

ಅತ್ತೆ ಮಂಚದಿಂದ ಇಳಿದು ಬಂದಿದ್ದರು. "ಆಗೆಲ್ಲ ಗೋಡೆಗೆ ಕಿವಿ ಮಾತ್ರ ಇತ್ತು. ಈಗ ಓದೋಕೂ ಬರುತ್ತೆ ಅನ್ನು" ಎಂದರು. ಮರುಕ್ಷಣವೇ ಅವರಿಗೆ ಏನೋ ಹೊಳೆಯಿತು. "ಅಯ್ಯೋ, ಇದೇ ಕಿಟಕಿಯಲ್ಲಿ ನಾನು ಮಂಡಿನೋವಿನ ಎಣ್ಣೆ ಹುಡುಕಿಸ್ತಿದ್ದೆನಲ್ಲೇ. ಅದೂ ಗೊತ್ತಾ ಅವರಿಗೆ?"

"ಇರಬಹುದಮ್ಮ."

"ಗೊತ್ತಿದ್ದೂ ಒಂದು ಸೀಸೆ ಕಳಿಸಲಿಲ್ಲ ನೋಡು."

ಯಾರೂ ನಗಲಿಲ್ಲ. ಗಂಡ ಇನ್ನೂ ಫೋನನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ, "ಹಾಗಾದ್ರೆ ಈ ಪ್ರಾಕ್ಸಿ ಅನ್ನೋದೇ ಕಳ್ಳರ ಕೆಲಸನಾ?"

"ಅಲ್ಲ ಅಣ್ಣ. ನಮ್ಮ ಆಸ್ಪತ್ರೆಯಲ್ಲೂ ಇದೆ. ಹಾಳು ಪುಟಗಳು ಒಳಗೆ ಬರದ ಹಾಗೆ ತಡೆಯುತ್ತೆ. ಇದರ ವಿಳಾಸ ಹಾಕೋದು ನಮ್ಮ ಕೆಲಸದವರಿಗೆ ನಾನೇ ಹೇಳಿಕೊಡ್ತೀನಿ. ಆದ್ರೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ಮೊದಲೇ ಹೇಳ್ತೀವಿ. ಇಲ್ಲಿ ಹೇಳಲಿಲ್ಲ. ಕಂಡದ್ದನ್ನ ಇವರ ಮೇಲೇ ತಿರುಗಿಸಿದ್ರು. ತಪ್ಪು ಅಲ್ಲಿದೆ."

ಅವಳು ಫೋನನ್ನು ಅತ್ತಿಗೆಯ ಕೈಗೇ ಕೊಟ್ಟಳು. "ಅದು ತಾನಾಗಿ ಸೇರೋದನ್ನ ನೀವೇ ನಿಲ್ಲಿಸಿ. ನಾನು ಮಾಡಿಕೊಟ್ರೆ ಮತ್ತೆ ತಟ್ಟೆಯಲ್ಲಿ ಇಟ್ಟ ಹಾಗೇ ಆಗುತ್ತೆ."

ಹದ್ದುಗಣ್ಣಿ ಆ ವೈಫೈಯ 'ತಾನಾಗಿ ಸೇರಿಕೊಳ್ಳು' ಎಂಬುದನ್ನು ಆಫ್ ಮಾಡಿದಳು. ಪ್ರಾಕ್ಸಿ ಇದ್ದದ್ದು ಆ ವೈಫೈಗಷ್ಟೇ; ಇನ್ನು ಕ್ಯಾಂಟೀನಿನಲ್ಲಿ ಬೇಕೆಂದಾಗ ಮಾತ್ರ ಅವಳೇ ಒತ್ತಿ ಸೇರಿಕೊಳ್ಳಬಹುದು. ಆಮೇಲೆ ನಾದಿನಿ ಸೆಕ್ಯುರಿಟಿ ಎಂಬಲ್ಲಿಗೆ ಹೋಗಲು ಹೇಳಿ, ಹೊರಗಿನವರ ಸರ್ಟಿಫಿಕೇಟ್, ಅಂದರೆ ಇವರನ್ನು ನಂಬು ಎಂದು ಫೋನಿಗೆ ಹೇಳುವ ಗುರುತುಚೀಟಿ, ಏನಾದರೂ ಸೇರಿಸಿದ್ದಾರೆಯೇ ಎಂದು ನೋಡಿಸಿದಳು. ಅದಿದ್ದರೆ ಬೀಗದ ಗುರುತಿನ ಪುಟದ ಒಳಗನ್ನೂ ನಡುವಿನವನು ಓದಬಹುದಂತೆ. ಇರಲಿಲ್ಲ.

"ಇಷ್ಟು ದಿನ ಹೋದದ್ದು?" ಎಂದಳು ಹದ್ದುಗಣ್ಣಿ.

"ಹೋದದ್ದು ಹೋಯ್ತು ಅತ್ತಿಗೆ. ಅದು ವಾಪಸ್ ಬರಲ್ಲ."

ಒಲೆ ಹಚ್ಚಲು ಯಾರಿಗೂ ತೋಚಲಿಲ್ಲ. ಗಂಡ ಹೊರಗೆ ಹೋಗಿ ಅರ್ಧಕ್ಕೇ ಬಿಟ್ಟಿದ್ದ ಕೈಯ ಬಣ್ಣ ತೊಳೆದುಕೊಂಡು ಬಂದ. "ನಾಳೆ ನನಗೆ ಕೆಲಸ ಇಲ್ಲ" ಎಂದ. ಕೆಲಸವಿತ್ತೆಂದು ಅವಳಿಗೆ ಗೊತ್ತಿತ್ತು. "ಆ ಕಣ್ಣಾಸ್ಪತ್ರೆ ಎಲ್ಲಿದೆ ಅಂತ ಹೇಳು. ಓದಿದ್ದು ಸಾಕು, ಹೋಗೋಣ."

ಡಾಕ್ಟರಮ್ಮ ದೀಪ ಹಿಡಿದು ಬಲಗಣ್ಣನ್ನು ನೋಡಿದರು. ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು ಎಂದರು. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಗದರಿದರು. ಗಂಡ ಹೆಂಡತಿಯ ಮುಖ ನೋಡಿ, ಶಸ್ತ್ರಚಿಕಿತ್ಸೆಗೆ ಯಾವಾಗ ಬರಬೇಕು ಎಂದು ಕೇಳಿದ.

ಸೋಮವಾರ ಹದ್ದುಗಣ್ಣಿ ಪ್ಯಾಕಿಂಗ್‌ಗೆ ಹೋಗುವ ಮೊದಲು ಸೂಪರ್‌ವೈಸರ್ ಕೋಣೆಗೆ ಹೋದಳು. ಪೊರೆಯ ವಿಷಯ, ಡಾಕ್ಟರು ಹೇಳಿದ್ದು, ಚಿಕಿತ್ಸೆಗೆ ರಜೆ ಬೇಕಾದ್ದು, ಎಲ್ಲವನ್ನೂ ತಾನೇ ಹೇಳಿದಳು. ಅವರು ತಲೆಯಾಡಿಸುತ್ತ ಕೇಳಿದರು.

"ಕಣ್ಣು ಸರಿಯಿಲ್ಲದೆ ಮೇಜಿಗೆ ಕೂತಿದ್ದು ನನ್ನ ತಪ್ಪು, ಸರ್" ಎಂದಳು. "ಅದನ್ನ ಒಪ್ಪಿಕೊಳ್ತೀನಿ. ಆದ್ರೆ ಇನ್ನು ಮುಂದೆ ನನ್ನ ಕಣ್ಣಿನ ವಿಷಯ ಕೇಳೋದಿದ್ರೆ ನನ್ನನ್ನ ಕೇಳಿ. ನನ್ನ ಫೋನನ್ನ ಕೇಳಬೇಡಿ."

ಅವರು ಮೇಜಿನ ಮೇಲಿದ್ದ ಸೀಸೆಯೊಂದನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಕೊನೆಗೆ, "ಚಿಕಿತ್ಸೆ ಮುಗಿಸಿ ಬನ್ನಿ. ಕಣ್ಣಿನ ಪರೀಕ್ಷೆ ಮಾಡಿಸಿ ಮೇಜಿಗೆ ತಗೊಳ್ತೀವಿ. ಕಾಯಂ ಮಾತೂ ಆಗ ಆಡೋಣ" ಎಂದರು. ಅವಳು ಅದನ್ನು ಪೂರ್ತಿ ನಂಬಲಿಲ್ಲ. ಆದರೂ ಹೊರಗೆ ಬಂದಾಗ ಉಸಿರು ಸಲೀಸಾಗಿತ್ತು.

ಅಂದು ಕ್ಯಾಂಟೀನಿನಲ್ಲಿ ಅವಳು ಜೊತೆಯವರಿಗೆ ಎಲ್ಲ ಹೇಳಿದಳು. ಒಬ್ಬಳು ನಿಧಾನವಾಗಿ ತನ್ನ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅವಳು ಏನನ್ನು ಓದಿದ್ದಳೋ, ಯಾರೂ ಕೇಳಲಿಲ್ಲ. ಮಾರನೆಯ ದಿನ ಎಲ್ಲರೂ ಸೇರಿ ಆಫೀಸಿಗೆ ಹೋಗಿ ಕೇಳಿದ್ದು ಒಂದೇ: ಈ ವೈಫೈಯಲ್ಲಿ ನಿಮಗೆ ನಮ್ಮದು ಏನೇನು ಕಾಣುತ್ತದೆ, ಗೋಡೆಯ ಮೇಲೆ ಬರೆದು ಹಾಕಿ. ಒಂದು ವಾರದೊಳಗೆ ಬೋರ್ಡು ಬಂತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಕೆಳಗಿಡುವ ಮುಂಚೆ ನಿಮ್ಮ ಫೋನ್ ಕೈಗೆ ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ವೈಫೈ ತೆರೆಯಿರಿ. ಈಗ ಸೇರಿರುವ ಹೆಸರು ಯಾರದು ಎಂದು ನೋಡಿ. ಅದರ ಪಕ್ಕದ ಗುರುತನ್ನು ಒತ್ತಿ, 'ಪ್ರಾಕ್ಸಿ' ಎಂಬ ಸಾಲನ್ನು ಹುಡುಕಿ. ಅಲ್ಲಿ 'ನನ್' (None, ಯಾವುದೂ ಇಲ್ಲ) ಅಥವಾ 'ಆಫ್' ಎಂದಿದ್ದರೆ ನಡುವಿನವರನ್ನು ಯಾರೂ ಅಲ್ಲಿ ಕೂರಿಸಿಲ್ಲ. 'ಮ್ಯಾನ್ಯುಯಲ್' ಅಥವಾ 'ಆಟೋ' ಎಂದಿದ್ದರೆ, ಹಾಕಿದವರು ಯಾರು, ಯಾಕೆ ಹಾಕಿದರು, ಏನೇನು ನೋಡುತ್ತಾರೆ ಎಂದು ಕೇಳಿ ತಿಳಿಯಿರಿ. ಕೆಲಸಕ್ಕೆ ಪ್ರಾಕ್ಸಿ ಬೇಕಿದ್ದರೆ, ಕೊಟ್ಟವರಿಂದ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಪಡೆದು ನಿಮ್ಮ ಕೈಯಾರೆ ಹಾಕಿ, ಕೆಲಸದ ವಿಷಯಕ್ಕಷ್ಟೇ ಬಳಸಿ. ನೆಟ್ ಜೋರಾಗುತ್ತದೆ, ಪುಕ್ಕಟೆ ಸಿನಿಮಾ ಬರುತ್ತದೆ ಎಂದು ಗುರುತಿಲ್ಲದವರು ಕೊಟ್ಟ ವಿಳಾಸವನ್ನು ಮಾತ್ರ ಎಂದಿಗೂ ಹಾಕಬೇಡಿ. ಅವರು ಕೊಡುವ ಸರ್ಟಿಫಿಕೇಟನ್ನೂ ಸೇರಿಸಬೇಡಿ.

ಮೈಯಲ್ಲೋ ಮನಸ್ಸಲ್ಲೋ ಏನಾದರೂ ನೋವಿದ್ದರೆ ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನಿಮ್ಮ ಫೋನು ನೋಡಿ ಆದಮೇಲೆ ಪಕ್ಕದಲ್ಲಿರುವವರಿಗೂ ನೋಡಿಕೊಳ್ಳುವುದನ್ನು ಕಲಿಸಿ. ಪ್ರಾಕ್ಸಿಯ ಜಾಗದಲ್ಲಿರುವ ವಿಳಾಸ ಯಾರದು ಎಂದು ನೀವು ಹೇಳಲಾರದಿದ್ದರೆ, ಅದು ನಿಮ್ಮ ಫೋನಿನಲ್ಲಿ ಇರಬಾರದು.