ಯೊಂಜು ಅಮ್ಮ ಎಲೆ ನೋಡಲು ಹೋದದ್ದು

ಬಸ್ಸು ನಿಂತಲ್ಲೇ ನಿಂತು ಮುಕ್ಕಾಲು ಗಂಟೆಯಾಗಿತ್ತು. ನೆಜಾಂಗ್ ಬೆಟ್ಟದ ಮೇಪಲ್ ಮರಗಳು ಕೆಂಪಾದವು ಎಂದು ಟಿವಿಯಲ್ಲಿ ಹೇಳಿದ್ದೇ ತಡ, ಇಡೀ ಕೊರಿಯಾ ಬುತ್ತಿ ಕಟ್ಟಿಕೊಂಡು ಇದೇ ಭಾನುವಾರ ಇದೇ ರಸ್ತೆಗೆ ಬಂದು ಬಿದ್ದಿತ್ತು. ಮುಂದಿನ ವಾರ ಬಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತೋ.

ಓಕ್‌ಬುನ್ ಮತ್ತೆ ಗಡಿಯಾರ ನೋಡಿದಳು. ಒಂದೂವರೆ. ನಾಲ್ಕಕ್ಕೆ ಬಸ್ಸು ವಾಪಸು ಹೊರಡುತ್ತದೆ, ತಡವಾದವರು ಊರಿಗೆ ನಡೆದುಕೊಂಡು ಬನ್ನಿ ಎಂದು ಡ್ರೈವರ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಅವಳ ತೊಡೆಯ ಮೇಲೊಂದು ಚೀಲ. ಚೀಲದಲ್ಲಿ ಮೇಲೆ ಕಿತ್ತಳೆ ಹಣ್ಣು, ಅಡಿಯಲ್ಲಿ ಯಾರಿಗೂ ಕಾಣದಂತೆ, ಅವಳೇ ಹೆಣೆದ ಬೂದು ಬಣ್ಣದ ಉಣ್ಣೆಯ ಟೋಪಿ.

ಗುನ್ಸಾನ್ ಮೀನು ಮಾರುಕಟ್ಟೆಯ ಹೆಂಗಸರಿಗೆ ಬಸ್ಸು ನಿಂತರೂ ಒಂದೇ, ಹೋದರೂ ಒಂದೇ. ಹಾಡು ಜೋರು ಮಾಡಿಸಿ ಸೀಟುಗಳ ನಡುವೆ ಕುಣಿಯುತ್ತಿದ್ದರು.

"ಯೊಂಜು ಅಮ್ಮ, ಎದ್ದು ಬಾರೇ," ಎಂದು ಮಾಲ್‌ಸುನ್ ಓಕ್‌ಬುನ್‌ಳ ಕೈ ಹಿಡಿದೆಳೆದಳು. ಇಬ್ಬರ ಅಂಗಡಿಗಳೂ ಅಕ್ಕಪಕ್ಕ. "ಒಣಮೀನು ಮಾರಿ ಮಾರಿ ಮುಖಾನೂ ಹಂಗೇ ಮಾಡ್ಕೊಂಡಿದೀಯಲ್ಲ."

"ಸೊಂಟ ನೋವು ಕಣೇ."

"ಸೊಂಟ ನೋವಿರೋಳು ಗಳಿಗೆಗೊಂದ್ಸಲ ಎದ್ದು ರಸ್ತೆ ಬಗ್ಗಿ ನೋಡ್ತೀಯಾ? ಎಲೆ ಎಲ್ಲಿಗೂ ಓಡಿಹೋಗಲ್ಲ ಬಿಡು."

ಆ ಮಾರುಕಟ್ಟೆಯಲ್ಲಿ ಮಕ್ಕಳನ್ನು ಹೆತ್ತವಳನ್ನು ಯಾರೂ ಅವಳ ಹೆಸರು ಹಿಡಿದು ಕರೆಯುವುದಿಲ್ಲ. ಹಿರಿಯ ಮಗುವಿನ ಹೆಸರಿಗೆ 'ಅಮ್ಮ' ಸೇರಿಸಿ ಕರೆಯುತ್ತಾರೆ. ಹಾಗಾಗಿ ಮೂರು ವರ್ಷದಿಂದ ದಿನಕ್ಕೆ ಐವತ್ತು ಸಲ ಮಗಳ ಹೆಸರು ಓಕ್‌ಬುನ್‌ಳ ಕಿವಿಗೆ ಬೀಳುತ್ತಿತ್ತು. ಯೊಂಜು ಬುಸಾನಿನ ಆಸ್ಪತ್ರೆಯಲ್ಲಿ ನರ್ಸು ಎಂದು ಅವಳೇ ಊರಿಗೆಲ್ಲ ಹೇಳಿದ್ದಳು. ಶುದ್ಧ ಸುಳ್ಳು. ಯೊಂಜು ಮೂರು ವರ್ಷದ ಹಿಂದೆ ತಲೆ ಬೋಳಿಸಿಕೊಂಡು ಇದೇ ಬೆಟ್ಟದ ಭಿಕ್ಷುಣಿಯರ ಮಠ ಸೇರಿದ್ದಳು. ಆ ದಿನ ಓಕ್‌ಬುನ್ ಫೋನಿನಲ್ಲಿ, "ನನ್ನ ಪಾಲಿಗೆ ನೀನು ಸತ್ತೆ" ಎಂದು ಕೂಗಿ ಇಟ್ಟಿದ್ದಳು. ಆಡಿದ ಮಾತನ್ನು ನುಂಗಿಕೊಳ್ಳುವುದು ಅವಳಿಂದ ಆಗದ ಕೆಲಸ. ಒಬ್ಬಳೇ ಹೋದರೆ ಮಗಳನ್ನು ಹುಡುಕಿಕೊಂಡು ಹೋದಂತಾಗುತ್ತದೆ. ಬಸ್ಸಿನಲ್ಲಿ ಎಲ್ಲರ ಜೊತೆ ಹೋದರೆ ಎಲೆ ನೋಡಲು ಹೋದಂತಾಗುತ್ತದೆ. ದೂರದಿಂದ ಒಮ್ಮೆ ನೋಡಿ, ಟೋಪಿಯನ್ನು ಯಾರ ಕೈಯಲ್ಲಾದರೂ ಕೊಟ್ಟು ಬಂದರೆ ಸಾಕು ಎಂದುಕೊಂಡಿದ್ದಳು.

ಬೆಟ್ಟದ ಬುಡ ತಲುಪಿದಾಗ ಎರಡೂ ಮುಕ್ಕಾಲು. ಮಠಕ್ಕೆ ಇನ್ನೂ ಅರ್ಧ ಗಂಟೆಯ ಏರು ದಾರಿ. ಎರಡೂ ಕಡೆ ಮರಗಳು ಕೆಂಪಗೆ ಉರಿಯುತ್ತಿದ್ದವು, ಸುಳ್ಳು ಯಾಕೆ ಹೇಳಬೇಕು, ನೋಡಿದವರು ಬಾಯಿಬಿಡುವ ಹಾಗಿತ್ತು. ಓಕ್‌ಬುನ್ ಮಾತ್ರ ಒಂದೆಲೆಯನ್ನೂ ನೋಡಲಿಲ್ಲ. ಅವಳು ನಾಲ್ಕು ಹೆಜ್ಜೆ ಮುಂದೆ ಹೋದರೆ ಮಾಲ್‌ಸುನ್ ಹಿಂದಿನಿಂದ ಕರೆಯುತ್ತಿದ್ದಳು. ಈ ಮರದ ಕೆಳಗೊಂದು ಫೋಟೋ, ಆ ಸೇತುವೆ ಮೇಲೊಂದು ಫೋಟೋ. ಕೊನೆಗೆ ಓಕ್‌ಬುನ್‌ಗೆ ಮೈಯೆಲ್ಲ ಉರಿದುಹೋಯಿತು.

"ನಿನ್ನ ಮೂತಿ ಎಷ್ಟು ಸಲ ತೆಗೆದರೂ ಅದೇ ಮೂತಿ ಕಣೇ. ನಡಿ."

"ಅಬ್ಬಬ್ಬಾ, ಮೇಲೆ ಯಾರು ಕಾಯ್ತಿದಾರೆ ನಿಂಗೆ?" ಎಂದು ಮಾಲ್‌ಸುನ್ ನಕ್ಕಳು.

ಮಠದ ಅಂಗಳ ಸಿಕ್ಕಾಗ ಮೂರೂ ಇಪ್ಪತ್ತೈದು. ಐದಾರು ಭಿಕ್ಷುಣಿಯರು ಬೆನ್ನು ತಿರುಗಿಸಿ ಉದುರಿದ ಎಲೆ ಗುಡಿಸುತ್ತಿದ್ದರು. ಎಲ್ಲರದೂ ಅದೇ ಬೂದು ಬಟ್ಟೆ, ಅದೇ ಬೋಳು ತಲೆ. ಓಕ್‌ಬುನ್ ಒಂದೊಂದು ಕತ್ತನ್ನೂ ದಿಟ್ಟಿಸಿ ನೋಡಿದಳು. ಹೆತ್ತು ಸಾಕಿದವಳಿಗೆ ಮಗಳ ಗುರುತು ಸಿಗಲಿಲ್ಲ.

"ಯೊಂಜು ಅಮ್ಮ, ಇಲ್ಲಿ ಬಾರೇ, ಒಳ್ಳೇ ಜಾಗ ಇದೆ," ಎಂದು ಮಾಲ್‌ಸುನ್ ಅಂಗಳ ಕೇಳುವಂತೆ ಕೂಗಿದಳು.

ಒಂದು ಪೊರಕೆ ನಿಂತಿತು.

ಆ ಭಿಕ್ಷುಣಿ ನಿಧಾನವಾಗಿ ತಿರುಗಿದಳು. ಬಡಕಲು ಮುಖ, ಚಳಿಗೆ ಕೆಂಪಾದ ಕಿವಿಗಳು. ಓಕ್‌ಬುನ್ ಚೀಲವನ್ನು ಎದೆಗೆ ಅವುಚಿಕೊಂಡಳು. ಮಾಲ್‌ಸುನ್‌ಗೆ ಇದ್ಯಾವುದರ ಗೊಡವೆಯೂ ಇಲ್ಲ. ಕೈಮುಗಿದು ತನ್ನ ಫೋನನ್ನು ಅದೇ ಭಿಕ್ಷುಣಿಗೆ ಕೊಟ್ಟಳು. "ಗುರುಗಳೇ, ನಮ್ಮದೊಂದು ಫೋಟೋ ತೆಗೆದು ಪುಣ್ಯ ಕಟ್ಕೊಳ್ಳಿ."

ಜೊತೆಯಾಗಿ ಹತ್ತಿ ಬಂದಿದ್ದ ಏಳು ಹೆಂಗಸರು ಸಾಲಾಗಿ ನಿಂತರು. ಓಕ್‌ಬುನ್‌ಳನ್ನು ನಡುವೆ ತಳ್ಳಿದರು. ಎಲ್ಲರೂ ಕೈಮುಗಿದದ್ದು ನೋಡಿ ಅವಳೂ ಮಗಳಿಗೆ ಕೈಮುಗಿದಳು.

"ನಡುವೆ ನಿಂತಿರೋರು ಸ್ವಲ್ಪ ತಲೆ ಎತ್ತಿ," ಎಂದಳು ಭಿಕ್ಷುಣಿ. "ಒಂದು, ಎರಡು, ಮೂರು."

ಮಾಲ್‌ಸುನ್ ಫೋನು ಇಸಿದುಕೊಂಡು ನೋಡಿದಳು. "ಚೆನ್ನಾಗಿ ಬಂದಿದೆ. ನಡೀರೇ, ಬಸ್ಸು ಹೋಗಿಬಿಡುತ್ತೆ."

ಭಿಕ್ಷುಣಿ ಪೊರಕೆ ಎತ್ತಿಕೊಂಡಳು. ಬೆಳಿಗ್ಗೆಯಿಂದ ಎಲ್ಲರನ್ನೂ ಅವಸರಪಡಿಸಿದ್ದ ಓಕ್‌ಬುನ್ ನಿಂತ ಜಾಗದಿಂದ ಕದಲಲಿಲ್ಲ.

"ಇನ್ನೊಂದು ತೆಗೀಬೇಕು. ಇದ್ರಲ್ಲಿ ಒಬ್ಬಳು ಕಮ್ಮಿ ಇದಾಳೆ."

"ಏಳು ಜನಾನೂ ಇದೀವಲ್ಲೇ," ಎಂದಳು ಮಾಲ್‌ಸುನ್.

"ಎಂಟು." ಓಕ್‌ಬುನ್ ಚೀಲಕ್ಕೆ ಕೈ ಹಾಕಿದಳು. ಕಿತ್ತಳೆಗಳು ಅಂಗಳದ ತುಂಬ ಉರುಳಿದವು. "ಬುಸಾನೂ ಇಲ್ಲ, ನರ್ಸೂ ಇಲ್ಲ. ನಾನು ಸುಳ್ಳು ಹೇಳಿದ್ದೆ. ಇವಳೇ ನನ್ನ ಯೊಂಜು."

ಮಾಲ್‌ಸುನ್ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಡ್ರೈವರನಿಗೆ ಫೋನು ಹಚ್ಚಿದಳು. "ಏನಪ್ಪಾ, ನಾವು ಬರೋದು ತಡ ಆಗುತ್ತೆ. ಬಿಟ್ಟು ಹೋದ್ಯೋ, ನಾಳೆ ಮನೆ ಬಾಗಿಲಿಗೇ ಬರ್ತೀನಿ."

ಓಕ್‌ಬುನ್ ಮಗಳ ತಲೆಗೆ ಟೋಪಿ ಹಾಕಿದಳು. ಅದು ಜಾರಿ ಹುಬ್ಬು ದಾಟಿ ಕಣ್ಣನ್ನೇ ಮುಚ್ಚಿತು.

"ದೊಡ್ಡದಾಯ್ತಲ್ಲಮ್ಮ," ಎಂದಳು ಯೊಂಜು ಟೋಪಿಯ ಒಳಗಿನಿಂದಲೇ.

"ನಿನ್ನ ಜಡೆನೂ ಸೇರಿಸಿ ಅಳತೆ ಹಿಡಿದುಬಿಟ್ಟೆ ಕಣೇ," ಎಂದು ಓಕ್‌ಬುನ್ ಅತ್ತಳು.